ಒಂದೇ ಚಿಟ್ಟೆಗೆ ಎರಡು ಅಂಗಿ

ಮಳೆಗಾಲದ ಮುಸ್ಸಂಜೆಯಲ್ಲಿ ಗದ್ದೆಯ ಬದಿಗೆ ಹೋದರೆ ಕಂದು ಬಣ್ಣದ ಚಿಟ್ಟೆಯೊಂದು ನೆಲದ ಸಮೀಪದಲ್ಲೇ ಹಾರುವುದನ್ನು ಕಾಣಬಹುದು. ಅದರ ಹೆಸರು ‘ಕಾಮನ್ ಈವ್ನಿಂಗ್ ಬ್ರೌನ್’. ಇದರ ಮರಿಹುಳುಗಳು ಭತ್ತದ ಎಲೆ, ಹುಲ್ಲು ತಿಂದು ಬೆಳೆಯುತ್ತವೆ. ಚಿಟ್ಟೆ ರೆಕ್ಕೆ ಮಡಚಿ ಕುಳಿತಾಗ ಅಂಚಿನಲ್ಲಿ ಕಣ್ಣಿನಂಥ ಚುಕ್ಕೆಗಳ ಸಾಲು ಕಾಣುತ್ತದೆ. ಮಳೆ ಮುಗಿದು ಹುಲ್ಲು ಒಣಗಿದ ಮೇಲೆ ಅದೇ ಜಾಗದಲ್ಲಿ ಸಿಗುವ ಚಿಟ್ಟೆಯಲ್ಲಿ ಈ ಚುಕ್ಕೆಗಳು ಇಲ್ಲವೆನ್ನುವಷ್ಟು ಸಣ್ಣವು. ಅದು ಕುಳಿತರೆ ಥೇಟ್ ತರಗೆಲೆ!

ಇವು ಎರಡು ಬೇರೆ ಜಾತಿಗಳೇ? 1880ರ ದಶಕದಲ್ಲಿ ಕಲ್ಕತ್ತಾದ ಚಿಟ್ಟೆತಜ್ಞ ಲಯನೆಲ್ ಡಿ ನಿಸೆವಿಲ್ ಇಂಥ ಚಿಟ್ಟೆಗಳನ್ನು ಮೊಟ್ಟೆಯಿಂದಲೇ ಸಾಕಿ ನೋಡಿದರು. ಜಾತಿ ಒಂದೇ, ಋತುವಿಗೆ ತಕ್ಕಂತೆ ರೂಪ ಎರಡು ಎಂದು ತಿಳಿಯಿತು.

ಎರಡು ರೂಪ ಏಕೆ? ಹಸಿರಿನ ಕಾಲದಲ್ಲಿ ಕಂದು ಚಿಟ್ಟೆ ಅಡಗುವುದು ಕಷ್ಟ. ಆಗ ಹಕ್ಕಿ, ಹಲ್ಲಿಗಳು ಕಣ್ಚುಕ್ಕೆಗೆ ಬಾಯಿ ಹಾಕಿದರೆ ರೆಕ್ಕೆಯ ತುದಿ ಹರಿಯುತ್ತದೆ, ಜೀವ ಉಳಿಯುತ್ತದೆ. ತರಗೆಲೆಗಳ ನಡುವೆ ಕೂರುವಾಗ ಅದೇ ಚುಕ್ಕೆ ಗುಟ್ಟು ಬಿಟ್ಟುಕೊಡುತ್ತದೆ.

ಅಂಗಿ ಯಾವುದೆಂದು ತೀರ್ಮಾನವಾಗುವುದು ರೆಕ್ಕೆ ಬರುವ ಮೊದಲೇ. ಇದರ ಆಫ್ರಿಕದ ಬಂಧು ‘ಬೈಸೈಕ್ಲಸ್’ ಚಿಟ್ಟೆಯ ಮರಿಹುಳುಗಳನ್ನು ವಿಜ್ಞಾನಿಗಳು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆಸಿದಾಗ ದೊಡ್ಡ ಚುಕ್ಕೆಗಳು ಬಂದವು. 17 ಡಿಗ್ರಿಯಲ್ಲಿ ಬೆಳೆಸಿದಾಗ ಚಿಕ್ಕವು. ಜೀನ್‌ಗಳು ಬದಲಾಗಲಿಲ್ಲ. ಬದಲಾದದ್ದು ದೇಹದಲ್ಲಿ ಹಾರ್ಮೋನು ಏರುವ ಹೊತ್ತು. ಬೆಳೆಯುವಾಗ ಸುತ್ತಲಿನ ಪರಿಸರಕ್ಕೆ ತಕ್ಕಂತೆ ರೂಪ ತಾಳುವ ಈ ಗುಣಕ್ಕೆ ‘ಬೆಳವಣಿಗೆಯ ನಮ್ಯತೆ’ ಎನ್ನುತ್ತಾರೆ.

ಹಾಗಾದರೆ ತರಗೆಲೆಯಂಥ ಅಮ್ಮನಿಗೆ ತರಗೆಲೆಯಂಥ ಮಕ್ಕಳೇ ಹುಟ್ಟಬೇಕೆಂದಿಲ್ಲ. ಅಮ್ಮ ಕೊಡುವುದು ಒಂದು ಅಂಗಿಯನ್ನಲ್ಲ, ಕಾಲ ನೋಡಿ ಅಂಗಿ ಹೊಲಿದುಕೊಳ್ಳುವ ಜಾಣ್ಮೆಯನ್ನು. ಈ ಜಾಣ್ಮೆಯೂ ವಿಕಾಸವಾಗಬಲ್ಲದು. ಪ್ರಯೋಗಾಲಯದಲ್ಲಿ ಚಿಕ್ಕ ಚುಕ್ಕೆಯ ಬೈಸೈಕ್ಲಸ್‌ಗಳನ್ನೇ ಆರಿಸಿ ಹಲವು ತಲೆಮಾರು ಸಾಕಿದಾಗ, ಸೆಕೆಯಲ್ಲಿ ಬೆಳೆದರೂ ಚುಕ್ಕೆ ಹಿಗ್ಗದ ಚಿಟ್ಟೆಗಳು ಬಂದವು!

ಒಂದು ಆತಂಕವೂ ಇದೆ. ಮರಿಹುಳು ಇಂದಿನ ಹವೆ ನೋಡಿ ನಾಳಿನ ಅಂಗಿ ಸಿದ್ಧ ಮಾಡುತ್ತದೆ. ಭೂಮಿ ಬಿಸಿಯಾಗಿ, ಮಳೆಯ ಲೆಕ್ಕ ತಪ್ಪಿದರೆ? ದೊಡ್ಡ ಚುಕ್ಕೆ ತೊಟ್ಟ ಚಿಟ್ಟೆ ಒಣ ಎಲೆಗಳ ನಡುವೆ ಕಣ್ಣಿಗೆ ಬಿದ್ದೀತು. ಅಂಥ ಕಾಲಕ್ಕೆ ಹೊಸ ಲೆಕ್ಕ ಕಲಿಯಲು ಚಿಟ್ಟೆಗಳಿಗೆ ಹಲವು ತಲೆಮಾರುಗಳೇ ಬೇಕು.

ಈ ಸಲ ಗದ್ದೆ ಬದಿಯಲ್ಲಿ ಕಂದು ಚಿಟ್ಟೆ ಕಂಡರೆ ಹಿಡಿಯಬೇಡಿ. ಚುಕ್ಕೆಗಳನ್ನು ನೋಡಿ, ತಿಂಗಳು ಬರೆದಿಡಿ. ಆರು ತಿಂಗಳ ಬಳಿಕ ಮತ್ತೆ ನೋಡಿ.