ಉಚ್ಚಾರಣೆಯ ವ್ಯಾಜ್ಯ

ಕಳೆದ ತಿಂಗಳು ನಮ್ಮ ಬಂಧುಗಳೊಬ್ಬರ ಗೃಹಪ್ರವೇಶದಲ್ಲಿ, ಊಟದ ಪಂಕ್ತಿಯಲ್ಲಿ ಕುಳಿತಿದ್ದಾಗ, ನನ್ನ ಭಾವಮೈದುನನಿಗೂ ನನ್ನ ಅಳಿಯಂದಿರಿಗೂ ಒಂದು ಸಣ್ಣ ವಾಗ್ವಾದ ನಡೆಯಿತು. ಇಬ್ಬರೂ ನನ್ನ ಈ ಬರಹಗಳನ್ನು ತಪ್ಪದೆ ಓದುವವರು. ಆದ್ದರಿಂದ ಮೊದಲೇ ಕ್ಷಮೆ ಕೋರಿಬಿಡುತ್ತೇನೆ. ಪತ್ರಿಕೆಯಲ್ಲಿ ಬಂದಿದ್ದ ಯಾವುದೋ ಲೆಕ್ಕಪರಿಶೋಧನಾ ವರದಿಯ ಪ್ರಸ್ತಾಪ ಬಂದು ಅಳಿಯಂದಿರು ‘ಕಾಂಪ್ಟ್ರೋಲರ್ ಅಂಡ್ ಆಡಿಟರ್ ಜನರಲ್’ ಎಂದರು. ಲೆಕ್ಕಪತ್ರಗಳ ನಡುವೆಯೇ ಮೂವತ್ತು ವರ್ಷ ಸವೆಸಿದ ಭಾವಮೈದುನ ಕೈಯಲ್ಲಿದ್ದ ತುತ್ತನ್ನು ಎಲೆಯಲ್ಲಿಯೇ ಬಿಟ್ಟು, “ಅದು ಕಂಟ್ರೋಲರ್. ಅಲ್ಲಿ ಪಿ ಅಕ್ಷರವನ್ನು ಹೇಳುವಂತಿಲ್ಲ” ಎಂದ. “ಹೇಳುವಂತಿಲ್ಲದಿದ್ದರೆ ಬರೆಯುವುದೇಕೆ ಮಾವ?” ಎಂದು ಅಳಿಯಂದಿರು. ಪಾಯಸ ಬರುವ ಹೊತ್ತಿಗೆ ವ್ಯಾಜ್ಯವು ನನ್ನ ಮುಂದೆ ಬಂದಿತು. “ಭಾವ, ನೀವು ಮೇಷ್ಟ್ರು, ನೀವೇ ತೀರ್ಪು ಕೊಡಿ.”

ತೀರ್ಪನ್ನು ಅಲ್ಲಿಯೇ ಕೊಟ್ಟೆ. ಹಳೆಯ ಉಚ್ಚಾರಣೆ ಭಾವಮೈದುನನದೇ. ಆದರೆ ಇಂದಿನ ನಿಘಂಟುಗಳು ಎರಡನ್ನೂ ಕೊಡುತ್ತವೆ. ಇಬ್ಬರಿಗೂ ಸಮಾಧಾನವಾಗಲಿಲ್ಲ ಎಂಬುದು ಮುಖದಿಂದಲೇ ತಿಳಿಯಿತು. ಗೆದ್ದವನಿಗೆ ಎದುರಾಳಿಯು ಸೋಲದಿದ್ದರೆ ಗೆದ್ದಂತಾಗುವುದಿಲ್ಲವಷ್ಟೆ! ಮನೆಗೆ ಬಂದ ಮೇಲೂ ಈ ಪ್ರಸಂಗ ನನ್ನ ಮನಸ್ಸಿನಲ್ಲಿ ಸುಳಿಯುತ್ತಲೇ ಇತ್ತು. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಮೊದಲು ಆ ಪಿ ಅಕ್ಷರದ ಕಥೆ. ‘ಕಂಟ್ರೋಲರ್’ ಎಂಬುದು ಹಳೆಯ ಫ್ರೆಂಚ್ ಭಾಷೆಯಿಂದ ಬಂದ ಶಬ್ದ. ಲೆಕ್ಕವನ್ನು ತಾಳೆ ನೋಡುವುದಕ್ಕಾಗಿ ಇರಿಸುತ್ತಿದ್ದ ಪ್ರತಿ-ಸುರುಳಿ, ಅಂದರೆ ಎರಡನೆಯ ದಸ್ತಾವೇಜು, ಅದರ ಮೂಲ. ಮುಂದೆ ಯಾರೋ ಪಂಡಿತರು ಇದು ಲೆಕ್ಕ ಎಂಬ ಅರ್ಥದ ಫ್ರೆಂಚ್ ಶಬ್ದದಿಂದ ಬಂದಿರಬೇಕೆಂದು ತಪ್ಪಾಗಿ ಭಾವಿಸಿ, ಎಂ ಮತ್ತು ಪಿ ಅಕ್ಷರಗಳನ್ನು ಸೇರಿಸಿ ಬರೆದರು. ಉಚ್ಚಾರಣೆ ಮೊದಲಿನಂತೆಯೇ ಉಳಿಯಿತು. ಆ ತಪ್ಪು ಕಾಗುಣಿತವೇ ನಮ್ಮ ಸಂವಿಧಾನದ 148ನೆಯ ವಿಧಿಯವರೆಗೂ ನಡೆದುಬಂದು ಕುಳಿತಿದೆ. ನಮ್ಮ ಅಳಿಯಂದಿರು ಉಚ್ಚರಿಸಿದ್ದು ಬರೆದವರ ತಪ್ಪನ್ನು. ಭಾವಮೈದುನ ಉಚ್ಚರಿಸಿದ್ದು ಬರೆಯುವುದಕ್ಕೆ ಮುಂಚಿನ ಮಾತನ್ನು. ಹಾಗಾದರೆ ಅಪರಾಧಿ ಯಾರು?

ಇಂಗ್ಲಿಷಿನ ಬಹಳಷ್ಟು ಮೂಕಾಕ್ಷರಗಳು ಹೀಗೆ ವಿದ್ವಾಂಸರು ಅಂಟಿಸಿದವು. ಸಾಲ ಎಂಬರ್ಥದ ‘ಡೆಟ್’ ಶಬ್ದದಲ್ಲಿ ಹಿಂದೆ ಬಿ ಅಕ್ಷರ ಇರಲಿಲ್ಲ. ಲ್ಯಾಟಿನ್ ಮೂಲವನ್ನು ನೆನಪಿಸಲೆಂದು ಅದನ್ನು ತುರುಕಿದರು. ‘ರಿಸೀಟ್’ ಶಬ್ದದ ಪಿ ಅಕ್ಷರವೂ ಅಂತಹುದೇ. ಷೇಕ್ಸ್‌ಪಿಯರನ ‘ಲವ್ಸ್ ಲೇಬರ್ಸ್ ಲಾಸ್ಟ್’ ನಾಟಕದಲ್ಲಿ ಹೋಲೋಫರ್ನಿಸ್ ಎಂಬೊಬ್ಬ ಪಾತ್ರಧಾರಿಯಿದ್ದಾನೆ. 1598ರಲ್ಲಿ ಮುದ್ರಣಗೊಂಡ ಆ ನಾಟಕದಲ್ಲಿ ಅವನು, ‘ಡೆಟ್’ ಎನ್ನುವವರನ್ನು ಕಂಡರೆ ತನಗೆ ಅಸಹ್ಯವೆಂದೂ ಬಿ ಅಕ್ಷರವನ್ನು ಸ್ಪಷ್ಟವಾಗಿ ನುಡಿಯಬೇಕೆಂದೂ ಕಿಡಿಕಾರುತ್ತಾನೆ. ‘ಹಾಫ್’, ‘ಕಾಫ್’ ಶಬ್ದಗಳಲ್ಲಿ ಎಲ್ ಅಕ್ಷರವನ್ನು ಬಿಡುವವರ ಮೇಲೂ ಅವನಿಗೆ ಅಷ್ಟೇ ಸಿಟ್ಟು. ನೋಡುವ ಜನ ನಗಲೆಂದೇ ಕವಿಯು ಆ ಪಾತ್ರವನ್ನು ಸೃಷ್ಟಿಸಿದ್ದಾನೆ. ಅವನ ವೃತ್ತಿ ಯಾವುದು ಬಲ್ಲಿರಾ? ಶಾಲಾ ಉಪಾಧ್ಯಾಯ! ನಾನು ಈ ದೃಶ್ಯವನ್ನು ಮೊದಲು ಓದಿದಾಗ ನಕ್ಕಿದ್ದೆ. ನಿವೃತ್ತನಾದ ಮೇಲೆ ಮತ್ತೆ ಓದಿದಾಗ ಅಷ್ಟು ನಗು ಬರಲಿಲ್ಲ.

ಆದರೆ ಹೋಲೋಫರ್ನಿಸನು ಪೂರ್ತಿ ಸೋತನೆಂದು ಹೇಳಲಾಗದು. ‘ಫಾಲ್ಟ್’ ಎಂಬ ಶಬ್ದದಲ್ಲಿಯೂ ಹಿಂದೆ ಎಲ್ ಇರಲಿಲ್ಲ; ಅದೂ ವಿದ್ವಾಂಸರು ಸೇರಿಸಿದ್ದೇ. ಬಹುಕಾಲ ಅದು ಮೂಕವಾಗಿದ್ದು, ನೋಡಿ ನೋಡಿ ಜನರ ನಾಲಗೆಗೆ ಹತ್ತಿತು. ಇಂದು ಎಲ್ ಬಿಟ್ಟು ಹೇಳಿದರೆ ಅದೇ ತಪ್ಪು! ತಪ್ಪು ಎಂಬರ್ಥದ ಶಬ್ದಕ್ಕೇ ಈ ಗತಿಯಾದುದು ಸೋಜಿಗವಲ್ಲವೆ?

ಈಗ ನನ್ನ ಕಥೆಗೆ ಬರುತ್ತೇನೆ. 1977ರಲ್ಲಿ, ನೌಕರಿಗೆ ಸೇರಿ ಮೂರು ವರ್ಷಗಳಾಗಿದ್ದಾಗ, ಇಂಗ್ಲಿಷ್ ಬೋಧಿಸುವ ಉಪಾಧ್ಯಾಯರ ತರಬೇತಿಯೊಂದಕ್ಕೆ ನನ್ನನ್ನು ಬೆಂಗಳೂರಿಗೆ ಕಳುಹಿಸಿದ್ದರು. ಒಂದು ದಿನ ಗದ್ಯಭಾಗವೊಂದನ್ನು ಗಟ್ಟಿಯಾಗಿ ಓದುವ ಸರದಿ ನನ್ನದಾಯಿತು. ಅದರಲ್ಲಿ ಆಹಾರಸಾಮಗ್ರಿ ಎಂಬರ್ಥದ ಶಬ್ದವೊಂದಿತ್ತು. ‘ರಾಬಿನ್‌ಸನ್ ಕ್ರೂಸೋ’ ಓದಿದ ದಿನದಿಂದಲೂ ಅದು ನನಗೆ ಪರಿಚಿತ. ಅದರ ಅರ್ಥ ನನಗೆ ಗೊತ್ತಿತ್ತು, ಕಾಗುಣಿತ ಗೊತ್ತಿತ್ತು. ಆದರೆ ಅದನ್ನು ಯಾರ ಬಾಯಿಂದಲೂ ಕೇಳಿರಲಿಲ್ಲ. ಬರೆದಿದ್ದಂತೆಯೇ ‘ವಿಕ್ಚುಯಲ್ಸ್’ ಎಂದು ಓದಿದೆ. ತರಬೇತುದಾರರು ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟು, “ಇನ್ನೊಮ್ಮೆ ಹೇಳಿ, ಎಲ್ಲರೂ ಕೇಳಲಿ” ಎಂದರು. ಹೇಳಿದೆ. ಕೊಠಡಿಯೆಲ್ಲ ನಕ್ಕಿತು. ಅದು ‘ವಿಟ್ಲ್ಸ್’ ಎಂದು ಅಂದು ತಿಳಿಯಿತು. ಆ ಸಿ ಅಕ್ಷರವೂ ಲ್ಯಾಟಿನ್ ಮೋಹದಿಂದ ಸೇರಿಸಿದ್ದೆಂಬುದು ತಿಳಿಯಲು ಬಹಳ ವರ್ಷಗಳು ಬೇಕಾದವು. ಅಂದು ರಾತ್ರಿ ನಾನು ಊಟಮಾಡಲಿಲ್ಲ. ಆಹಾರದ ಹೆಸರನ್ನೇ ತಪ್ಪಾಗಿ ಹೇಳಿದವನಿಗೆ ಅದು ತಕ್ಕ ಶಿಕ್ಷೆಯೆಂದು ಈಗ ಹಾಸ್ಯ ಮಾಡಬಹುದು, ಆಗ ಹಾಸ್ಯವಾಗಿರಲಿಲ್ಲ.

ಅಂತಹ ಅವಮಾನವನ್ನು ಉಂಡವನು ಮತ್ತೊಬ್ಬರಿಗೆ ಅದನ್ನು ಬಡಿಸಬಾರದಿತ್ತು. ನಾನು ಬಡಿಸಿದೆ. ಮರುವರ್ಷ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನು ಪಾಠವನ್ನು ಓದುತ್ತಾ ಹಣೆ ಎಂಬರ್ಥದ ಶಬ್ದವನ್ನು ‘ಫೋರ್‌ಹೆಡ್’ ಎಂದನು. ದಿನವೂ ಐದಾರು ಮೈಲಿ ನಡೆದು ಬರುತ್ತಿದ್ದ ಹುಡುಗ. ಪುಸ್ತಕ ಕೊಟ್ಟರೆ ಮರುದಿನವೇ ಓದಿ ಹಿಂದಿರುಗಿಸುತ್ತಿದ್ದವನು. ನನಗೋ ತರಬೇತಿಯ ಹೊಸ ಹುರುಪು. ‘ಫಾರಿಡ್’ ಎಂದು ತಿದ್ದಿದೆ. ತಿದ್ದಿ ಸುಮ್ಮನಾಗಬಹುದಿತ್ತು. “ಇನ್ನೊಮ್ಮೆ ಹೇಳು, ಎಲ್ಲರೂ ಕೇಳಲಿ” ಎಂದೆ. ಅದೇ ಮಾತು, ಅದೇ ಧಾಟಿ. ತರಗತಿ ನಕ್ಕಿತು. ಹುಡುಗನು ತಲೆ ತಗ್ಗಿಸಿ, “ತಲೆಯ ಮುಂಭಾಗ ಅಲ್ಲವೇ ಸಾರ್, ಅದಕ್ಕೇ ಹಾಗಂದೆ” ಎಂದನು. ಆ ವರ್ಷ ಅವನು ಮತ್ತೆಂದೂ ಗಟ್ಟಿಯಾಗಿ ಓದಲು ಕೈಯೆತ್ತಲಿಲ್ಲ. ಪುಸ್ತಕ ಕೇಳಲೂ ಬರಲಿಲ್ಲ.

ಆಮೇಲೆ ಎಷ್ಟೋ ವರ್ಷಗಳಿಗೆ ಉಚ್ಚಾರಣಾ ನಿಘಂಟೊಂದನ್ನು ಕೊಂಡು, ಮೊದಲು ತೆರೆದು ನೋಡಿದ್ದು ಆ ಶಬ್ದವನ್ನೇ. ಎರಡು ಉಚ್ಚಾರಣೆಗಳೂ ಅಲ್ಲಿದ್ದವು. ‘ಹಾರಿಡ್’ ಶಬ್ದಕ್ಕೆ ಪ್ರಾಸವಾಗುವ ‘ಫಾರಿಡ್’ ಹಳೆಯದು. ಆದರೆ ಇಂಗ್ಲೆಂಡಿನ ಜನರೇ ಅದನ್ನು ಬಿಟ್ಟು, ಆ ಹುಡುಗನು ಹೇಳಿದಂತೆ ಹೇಳತೊಡಗಿ ಎಷ್ಟೋ ಕಾಲವಾಗಿತ್ತು. ನಾನು ತಿದ್ದಿದ್ದು ತಪ್ಪನ್ನಲ್ಲ.

ಇಂಗ್ಲಿಷರಾದರೂ ಈ ವಿಷಯದಲ್ಲಿ ಒಮ್ಮತದಿಂದ ಇದ್ದರೆ? ಇಲ್ಲ. ಡಾಕ್ಟರ್ ಜಾನ್ಸನ್ನರು 1755ರಲ್ಲಿ ತಮ್ಮ ಮಹಾನಿಘಂಟನ್ನು ಪ್ರಕಟಿಸಿದರೂ ಶಬ್ದಗಳನ್ನು ಹೇಗೆ ನುಡಿಯಬೇಕೆಂದು ಪೂರ್ತಿಯಾಗಿ ಸೂಚಿಸುವ ಗೋಜಿಗೆ ಹೋಗಲಿಲ್ಲ. ಅವರು ಅದಕ್ಕೆ ಕೊಟ್ಟ ಕಾರಣವನ್ನು ಬಾಸ್ವೆಲನು ದಾಖಲಿಸಿದ್ದಾನೆ. ‘ಗ್ರೇಟ್’ ಎಂಬ ಅತಿ ಸಾಮಾನ್ಯ ಶಬ್ದವು ‘ಸ್ಟೇಟ್’ಗೆ ಪ್ರಾಸವಾಗಬೇಕೆಂದು ಲಾರ್ಡ್ ಚೆಸ್ಟರ್‌ಫೀಲ್ಡ್ ಹೇಳಿದರೆ, ‘ಸೀಟ್’ಗೆ ಪ್ರಾಸವಾಗಬೇಕೆಂದು ಸರ್ ವಿಲಿಯಂ ಯಂಗ್ ಹೇಳಿಕಳುಹಿಸಿದರಂತೆ. ಒಬ್ಬರು ಪಾರ್ಲಿಮೆಂಟಿನ ಮೇಲ್ಮನೆಯ ಶ್ರೇಷ್ಠ ವಾಗ್ಮಿ, ಇನ್ನೊಬ್ಬರು ಕೆಳಮನೆಯ ಶ್ರೇಷ್ಠ ವಾಗ್ಮಿ. ಬಡ ನಿಘಂಟುಕಾರನು ಯಾರ ಮಾತನ್ನು ಕೇಳಬೇಕು? 1926ರಲ್ಲಿ ಬಿ.ಬಿ.ಸಿ. ಸಂಸ್ಥೆಯು ತನ್ನ ವಾರ್ತಾವಾಚಕರಿಗಾಗಿ ಒಂದು ಸಲಹಾ ಸಮಿತಿಯನ್ನೇ ನೇಮಿಸಿತು. ಆಸ್ಥಾನಕವಿ ರಾಬರ್ಟ್ ಬ್ರಿಜಸ್ ಅಧ್ಯಕ್ಷರು; ಅವರ ನಂತರ ಬರ್ನಾರ್ಡ್ ಷಾ, ಅಂದರೆ ಒಬ್ಬ ಐರಿಷ್ ಮನುಷ್ಯ! ಧ್ವನಿವಿಜ್ಞಾನಿ ಡೇನಿಯಲ್ ಜೋನ್ಸ್ ಕೂಡ ಅದರಲ್ಲಿದ್ದರು. ವಾದವಿವಾದಗಳ ನಡುವೆಯೇ ಸಾಗಿ ಅದು 1939ರಲ್ಲಿ, ಮಹಾಯುದ್ಧ ಬಂದಾಗ, ನಿಂತುಹೋಯಿತು. 1917ರಲ್ಲಿಯೇ ಉಚ್ಚಾರಣಾ ನಿಘಂಟನ್ನು ರಚಿಸಿದ್ದ ಜೋನ್ಸರು ಮಾತ್ರ, ತಾವು ಭಾಷೆಯ ಸುಧಾರಕರಲ್ಲ, ಒಂದು ವರ್ಗದ ಜನ ಹೇಗೆ ಮಾತನಾಡುತ್ತಾರೋ ಅದನ್ನು ಬರೆದಿಡುವವರು ಎಂಬ ನಿಲುವಿನವರು. 1990ರಲ್ಲಿ ಬಂದ ಜಾನ್ ವೆಲ್ಸರ ನಿಘಂಟು ಇನ್ನೂ ಮುಂದೆ ಹೋಗಿ, ವಿವಾದವಿರುವ ಕೆಲವು ಶಬ್ದಗಳಿಗೆ ಜನಾಭಿಪ್ರಾಯವನ್ನು ಸಂಗ್ರಹಿಸಿ ಶೇಕಡಾವಾರು ಲೆಕ್ಕವನ್ನೇ ಕೊಟ್ಟಿತು.

‘ನಮ್ಮ ಕನ್ನಡದಲ್ಲಿ ಈ ತಾಪತ್ರಯವಿಲ್ಲ, ಬರೆದಂತೆ ಓದುತ್ತೇವೆ’ ಎಂದು ಹೆಮ್ಮೆಪಡುವವರುಂಟು. ಬಹುಮಟ್ಟಿಗೆ ನಿಜ. ಆದರೆ ‘ಬ್ರಹ್ಮ’ ಎಂದು ಬರೆದು ‘ಬ್ರಮ್ಹ’ ಎನ್ನದವರು ಎಷ್ಟು ಜನ? ‘ಚಿಹ್ನೆ’ಯನ್ನು ‘ಚಿನ್ಹೆ’ ಎನ್ನದ ವಿದ್ವಾಂಸರು ಎಷ್ಟು ಮಂದಿ? ಹಾಲನ್ನು ‘ಆಲು’ ಎಂದ ಮಕ್ಕಳನ್ನು ನಾವು ಬೆಂಚಿನ ಮೇಲೆ ನಿಲ್ಲಿಸಿದ್ದೇವೆ. ಆ ‘ಹಾಲು’ ಹಳಗನ್ನಡದಲ್ಲಿ ‘ಪಾಲ್’ ಆಗಿತ್ತು. ಮೊದಲು ‘ಹಾಲು’ ಎಂದವನನ್ನೂ ಯಾರಾದರೂ ಬೆಂಚಿನ ಮೇಲೆ ನಿಲ್ಲಿಸಿದ್ದರೋ ಏನೋ! ಇಂಗ್ಲೆಂಡಿನಲ್ಲಿಯೂ ಹಕಾರ ಬಿಡುವ ಬಡವರ ಮಕ್ಕಳನ್ನು ಇದೇ ರೀತಿ ಹೀಯಾಳಿಸುತ್ತಿದ್ದರು. ಹಳೆಯ ಕಾಲದಲ್ಲಿ ‘ಹಂಬಲ್’ ಶಬ್ದದ ಹಕಾರವನ್ನು ದೊಡ್ಡ ಮನುಷ್ಯರೇ ನುಡಿಯುತ್ತಿರಲಿಲ್ಲವೆಂಬುದನ್ನು ಮರೆತು.

ಹಾಗಾದರೆ ಯಾರು ಹೇಗೆ ಹೇಳಿದರೂ ಸರಿಯೇ ಎಂದು ನನ್ನ ಹಳೆಯ ಸಹೋದ್ಯೋಗಿಗಳು ಕೇಳಬಹುದು. ಹಾಗಲ್ಲ. ‘ಡೆಟ್’ ಶಬ್ದದಲ್ಲಿ ಬಿ ನುಡಿದರೆ ಇಂದಿಗೂ ತಪ್ಪೇ, ಅದನ್ನು ಮಕ್ಕಳಿಗೆ ಹೇಳಿಕೊಡದ ಉಪಾಧ್ಯಾಯನು ಕರ್ತವ್ಯಭ್ರಷ್ಟನೇ. ಸಂದರ್ಶನದಲ್ಲಿ ಬೇರೆಯವರು ನಗುವುದಕ್ಕಿಂತ ಮೊದಲು ನಾವು ತಿದ್ದುವುದು ಲೇಸು. ನನ್ನ ತಕರಾರು ತಿದ್ದುವುದರ ಬಗ್ಗೆ ಅಲ್ಲ, ನಗಿಸುವುದರ ಬಗ್ಗೆ. ಅಪರೂಪದ ಶಬ್ದವನ್ನು ತಪ್ಪಾಗಿ ಉಚ್ಚರಿಸುವ ಹುಡುಗನು ಅದನ್ನು ಪುಸ್ತಕದಲ್ಲಿ ಒಬ್ಬನೇ ಕಂಡು, ಅರ್ಥವನ್ನು ತಾನೇ ಊಹಿಸಿಕೊಂಡವನು. ಇಂಗ್ಲಿಷ್ ಮಾತನಾಡುವ ಮನೆಯಲ್ಲಿ ಹುಟ್ಟಿದವನು ಅದೇ ಶಬ್ದವನ್ನು ಶ್ರಮವಿಲ್ಲದೆ ಕೇಳಿ ಕಲಿತಿರುತ್ತಾನೆ. ಇಬ್ಬರಲ್ಲಿ ಯಾರು ಹೆಚ್ಚು ಓದಿದವನೆಂಬುದನ್ನು ಮೇಷ್ಟ್ರಾದವನು ಗುರುತಿಸಬೇಕಿತ್ತು. ಜೊತೆಗೆ, ತಿದ್ದುವ ಮುನ್ನ ನಿಘಂಟನ್ನೂ ಒಮ್ಮೆ ನೋಡಬೇಕಿತ್ತು.

ಆ ಹುಡುಗನಿಗೆ ಈಗ ಅರವತ್ತು ದಾಟಿರಬೇಕು. ಹದಿನೈದು ವರ್ಷಗಳ ಹಿಂದೆ ಒಮ್ಮೆ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದ. ಕಾಲಿಗೆ ನಮಸ್ಕರಿಸಿ, ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಹಿಡಿದುಕೊಟ್ಟ. ಮಳೆಯ ವಿಚಾರ, ಅಡಿಕೆಯ ಬೆಲೆ, ಮಕ್ಕಳ ಓದು ಎಲ್ಲವನ್ನೂ ಮಾತನಾಡಿದೆವು. ನಿಘಂಟಿನ ವಿಷಯ ನಾಲಗೆಯ ತುದಿಯವರೆಗೆ ಬಂದು ಹಿಂದಕ್ಕೆ ಹೋಯಿತು. ಅವನು ಗಣಕಯಂತ್ರದ ಮುಂದೆ ಕುಳಿತುಕೊಳ್ಳುವವನಲ್ಲ. 1978ರ ಒಂಬತ್ತನೆಯ ತರಗತಿಯವರು, ಅಂದು ನನ್ನ ಜೊತೆ ನಕ್ಕವರು, ಯಾರಾದರೂ ಇದನ್ನು ಓದುತ್ತಿದ್ದರೆ ಅವನ ಹೆಸರು ನಿಮಗೆ ನೆನಪಿದ್ದೇ ಇರುತ್ತದೆ. ಊರಿಗೆ ಹೋದಾಗ ಅವನನ್ನು ಕಂಡು, ಅವನು ಓದಿದ್ದು ಸರಿಯಾಗಿತ್ತೆಂದು ಮೇಷ್ಟ್ರು ಹೇಳಿದರು ಎಂದು ತಿಳಿಸಿರಿ.