ನಿಂತ ಕಾರಿನ ಹಿಸಾಬ್

ರಾತ್ರಿಯೆಲ್ಲ ಪ್ಲಗ್‌ನಲ್ಲೇ ಇದ್ದ ಎಲೆಕ್ಟ್ರಿಕ್ ಕಾರಿನ ಚಾರ್ಜ್ ಬೆಳಿಗ್ಗೆ ಇಳಿದಿದ್ದರೆ, ನಮ್ಮ ಮತ್ತಿಕೆರೆಯಲ್ಲಿ ಬೈಗುಳ ಮೊದಲು ಕರೆಂಟಿಗೇ ಬೀಳುತ್ತದೆ. ಆದರೆ ಪ್ರತಿ ಸಲವೂ ತಪ್ಪು ಕರೆಂಟಿನದಲ್ಲ. ಬ್ಯಾಟರಿ ತುಂಬಿದ ಮೇಲೆ ಕಾರೇ ಚಾರ್ಜಿಂಗ್ ನಿಲ್ಲಿಸುತ್ತದೆ. ಆಮೇಲೂ ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್, ಮೊಬೈಲ್ ಆ್ಯಪ್‌ನ ಸಂಪರ್ಕ ಎಚ್ಚರವಾಗಿರುತ್ತವೆ. 12 ವೋಲ್ಟ್‌ನ ಚಿಕ್ಕ ಬ್ಯಾಟರಿಯನ್ನೂ ದೊಡ್ಡದೇ ತುಂಬಿಸಬೇಕು. ಚಾರ್ಜ್ ಸ್ವಲ್ಪ ಇಳಿಯುವವರೆಗೆ ಕೆಲವು ಕಾರುಗಳು ಗೋಡೆಯಿಂದ ಮತ್ತೆ ಕರೆಂಟ್ ಎಳೆಯುವುದಿಲ್ಲ.

ಕಾಮರ್ಸ್ ವಿದ್ಯಾರ್ಥಿನಿಯಾದ ನನಗೆ ಇದರಲ್ಲಿ ಕಾಣುವುದು ಹಿಸಾಬ್. 30 ಯೂನಿಟ್ ಬ್ಯಾಟರಿಯಿಂದ ದಿನಕ್ಕೆ 1 ಪರ್ಸೆಂಟ್ ಹೋಯಿತೆಂದುಕೊಳ್ಳಿ: ತಿಂಗಳಿಗೆ 9 ಯೂನಿಟ್, ಅಂದರೆ ಸುಮಾರು 50 ಕಿಲೋಮೀಟರ್ ಓಟ. ಮನೆ ಕಾರಿನವರಿಗೆ ಇದು ಚಿಲ್ಲರೆ. ಸಾಲ ಮಾಡಿ ಟ್ಯಾಕ್ಸಿ ಓಡಿಸುವವರಿಗೆ ಚಿಲ್ಲರೆಯಲ್ಲ.

ಫ್ರಿಜ್ ವರ್ಷಕ್ಕೆ ಎಷ್ಟು ಯೂನಿಟ್ ತಿನ್ನುತ್ತದೆ ಎಂದು ಸ್ಟಾರ್ ಲೇಬಲ್ ಹೇಳುತ್ತದೆ; ಆ ಯೋಜನೆ 2006ರಲ್ಲೇ ಶುರುವಾಯಿತು. ಕಾರಿನ ಜಾಹೀರಾತು ಮಾತ್ರ ಓಡುವ ಕಿಲೋಮೀಟರ್ ಹೇಳಿ ಸುಮ್ಮನಾಗುತ್ತದೆ. ನಿಂತಾಗ ತಿನ್ನುವುದನ್ನೂ ಅಚ್ಚು ಹಾಕುವುದು ಕಡ್ಡಾಯವಾಗಲಿ. 2001ರಲ್ಲೇ ರೇವಾ ಎಲೆಕ್ಟ್ರಿಕ್ ಕಾರನ್ನು ರಸ್ತೆಗಿಳಿಸಿದ ಊರು ನಮ್ಮದು. ಈ ಪ್ರಶ್ನೆಯನ್ನೂ ಇಲ್ಲಿಂದಲೇ ಕೇಳೋಣ.