ಊರಿಗೆ ಬಂದವಳು ನೀರಿಗೆ ಬಾರದಿದ್ದರೆ

ಊರಿಗೆ ಬಂದವಳು ನೀರಿಗೆ ಬಾರದೇ ಇರುತ್ತಾಳೆಯೇ ಎಂಬ ಗಾದೆಯನ್ನು ಸಾಫ್ಟ್‌ವೇರ್ ಉದ್ಯಮದಷ್ಟು ಗಟ್ಟಿಯಾಗಿ ನಂಬಿದವರು ಬೇರೆ ಇರಲಾರರು. ಒಂದು ಪ್ರೋಗ್ರಾಂ ಇನ್ನೊಂದರ ನೆರವು ಪಡೆದರೆ, ಆ ಇನ್ನೊಂದಕ್ಕೆ ಬೇಕಾದ ಮೂರನೆಯದು ತಾನಾಗಿಯೇ ಹಿಂದೆ ಬರುತ್ತದೆ ಎಂದು ಅಲ್ಲಿ ಎಲ್ಲರೂ ಎಣಿಸಿರುತ್ತಾರೆ. ಹೆಚ್ಚಿನ ದಿನ ಅದು ಬಂದೂ ಬರುತ್ತದೆ. ಬಾರದ ದಿನದ ಪಾಡು ಹೀಗಿರುತ್ತದೆ: ಸಹಕಾರ ಸಂಘವೊಂದರ ಲೆಕ್ಕಪತ್ರದ ತಂತ್ರಾಂಶ ಸಿದ್ಧವಾಗಿದೆ ಎಂದುಕೊಳ್ಳಿ. ಅದರಲ್ಲಿ ಪರದೆಗಳದ್ದೊಂದು ಪ್ರಾಜೆಕ್ಟ್, ವರದಿ ತಯಾರಿಸುವುದು ಇನ್ನೊಂದು, ವರದಿಯನ್ನು ಪಿಡಿಎಫ್ ಮಾಡಿಕೊಡುವ ಹೊರಗಿನ ಲೈಬ್ರರಿ ಮತ್ತೊಂದು. ಇವನ್ನೆಲ್ಲ ಸೇರಿಸಿ ಕಟ್ಟುವ ಕೆಲಸ, ಅಂದರೆ ಬಿಲ್ಡ್, ಒಂದೂ ಎಚ್ಚರಿಕೆಯಿಲ್ಲದೆ ಮುಗಿಯುತ್ತದೆ. ಬರೆದವರ ಕಂಪ್ಯೂಟರಿನಲ್ಲಿ ಎಲ್ಲವೂ ಸರಿ. ಸಂಘದ ಕಚೇರಿಯಲ್ಲಿ ಗುಮಾಸ್ತರು ವಾರ್ಷಿಕ ವರದಿಯ ಗುಂಡಿ ಒತ್ತಿದಾಗ ಮಾತ್ರ, ಇಂಥ ಕಡತ ಸಿಗಲಿಲ್ಲ ಎಂಬ ಸಂದೇಶ ತೋರಿಸಿ ಪ್ರೋಗ್ರಾಂ ನಿಂತುಬಿಡುತ್ತದೆ. ಇದನ್ನು ಡೆವಲಪರುಗಳ ಒಳಮನೆಯ ತಾಪತ್ರಯವೆಂದು ತಳ್ಳಿಹಾಕುವುದು ರೂಢಿ. ನನ್ನ ವಾದ ಬೇರೆ. ಇದು ಪಟ್ಟಿ ಬರೆಯದೆ ಸಂಸಾರ ನಡೆಸುವ ಅಭ್ಯಾಸದ ಫಲ. ಆ ಅಭ್ಯಾಸದ ಬೆಲೆಯನ್ನು ಈಗ ಗುಂಡಿ ಒತ್ತುವ ನಾವೆಲ್ಲ ತೆರುತ್ತಿದ್ದೇವೆ.

ಮೂರನೆಯದು ಯಾಕೆ ಬರಲಿಲ್ಲ ಎಂಬುದನ್ನು ಹತ್ತಿರದಿಂದ ನೋಡಬೇಕು. ಮೈಕ್ರೋಸಾಫ್ಟಿನ ಡಾಟ್‌ನೆಟ್ ವ್ಯವಸ್ಥೆಯಲ್ಲಿ ಇಂಥ ಪ್ರಾಜೆಕ್ಟುಗಳ ಗುಂಪಿಗೆ ಸೊಲ್ಯೂಷನ್ ಎಂದು ಹೆಸರು. ಹೊರಗಿನ ಲೈಬ್ರರಿಯನ್ನು ಪ್ಯಾಕೇಜಾಗಿ ತರಿಸದೆ ಬರೀ ಡಿಎಲ್‌ಎಲ್ ಕಡತವಾಗಿ ಜೋಡಿಸಿದ ಹಳೆಯ ಸೊಲ್ಯೂಷನ್ನುಗಳು ಇಂದಿಗೂ ಎಷ್ಟೋ ಕಚೇರಿಗಳಲ್ಲಿ ದುಡಿಯುತ್ತಿವೆ. ಅಲ್ಲಿ ವರದಿಯ ಪ್ರಾಜೆಕ್ಟನ್ನು ಕಂಪೈಲರ್ ಡಿಎಲ್‌ಎಲ್ ಆಗಿಸುವಾಗ ಅದರೊಳಗೇ ಒಂದು ಚಿಕ್ಕ ಚೀಟಿ ಬರೆದಿಡುತ್ತದೆ: ನನಗೆ ಇಂತಿಂಥವರು ಬೇಕು ಎಂದು. ಆದರೆ ಕೋಡಿನಲ್ಲಿ ನಿಜಕ್ಕೂ ಹೆಸರೆತ್ತಿ ಬಳಸಿದ ಲೈಬ್ರರಿಗಳು ಮಾತ್ರ ಆ ಚೀಟಿಯಲ್ಲಿರುತ್ತವೆ. ಪಿಡಿಎಫ್ ಲೈಬ್ರರಿಯ ಹೆಸರು ಕೋಡಿನಲ್ಲಿ ಇಲ್ಲದೆ, ಯಾವುದೋ ಸೆಟ್ಟಿಂಗ್ಸ್ ಕಡತದಲ್ಲಿದ್ದು, ಓಡುವ ಹೊತ್ತಿಗೆ ಹುಡುಕಿ ತರಿಸುವ ಏರ್ಪಾಡಾಗಿದ್ದರೆ ಕಂಪೈಲರ್ ಅದನ್ನು ಚೀಟಿಗೆ ಸೇರಿಸುವುದಿಲ್ಲ. ಆಮೇಲೆ ಪರದೆಗಳ ಪ್ರಾಜೆಕ್ಟನ್ನು ಕಟ್ಟುವ ಎಂಎಸ್‌ಬಿಲ್ಡ್ ಆ ಚೀಟಿಯನ್ನು ಓದಿ, ಅದರಲ್ಲಿದ್ದವರನ್ನು ಜೊತೆಗೆ ನಕಲು ಮಾಡಿಕೊಂಡು, ಇಲ್ಲದವರನ್ನು ಅಲ್ಲೇ ಬಿಟ್ಟುಹೋಗುತ್ತದೆ. ಇನ್ನೊಂದು ಕಾರಣವೂ ಉಂಟು. ಲೈಬ್ರರಿ ಆ ಕಂಪ್ಯೂಟರಿನ ಸಾರ್ವತ್ರಿಕ ಉಗ್ರಾಣದಲ್ಲಿ, ಡೆವಲಪರುಗಳು ಜಿಎಸಿ ಎನ್ನುವ ಜಾಗದಲ್ಲಿ, ಮೊದಲೇ ಇದ್ದರೆ ನಕಲು ಯಾಕೆ ಎಂದು ಎಂಎಸ್‌ಬಿಲ್ಡ್ ಸುಮ್ಮನಾಗುತ್ತದೆ. ಅಡುಗೆ ಭಟ್ಟರ ಪಾಡೂ ಹೀಗೆಯೇ: ಅವರ ಮನೆಯ ಡಬ್ಬಿಯಲ್ಲಿ ಇಂಗು ಸದಾ ಇರುತ್ತದೆ. ಹಾಗಾಗಿಯೇ ಅವರು ಕೊಟ್ಟ ಸಾಮಾನಿನ ಚೀಟಿಯಲ್ಲಿ ಇಂಗು ಇರುವುದಿಲ್ಲ. ಛತ್ರದಲ್ಲಿ ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೇ ಅದು ನೆನಪಾಗುವುದು.

ಇಂಥ ಹೊತ್ತಿನಲ್ಲಿ ಮಾಡುವ ದಿಢೀರ್ ಚಿಕಿತ್ಸೆಗಳಿಂದಲೇ ರೋಗದ ಸ್ವರೂಪ ತಿಳಿಯುತ್ತದೆ. ಕಾಣೆಯಾದ ಕಡತವನ್ನು ಕೈಯಾರೆ ತಂದು ಹಾಕುವುದು ಒಂದು ಬಗೆ. ಬಿಲ್ಡ್ ಮುಗಿದ ಮೇಲೆ ಆ ಕಡತವನ್ನು ನಕಲಿಸುವ ಒಂದು ಆಜ್ಞೆಯನ್ನು ಅಂಟಿಸುವುದು ಎರಡನೆಯದು. ಮೂರನೆಯದು ತಮಾಷೆಯಾದದ್ದು: ವರದಿಯ ಕೋಡಿನಲ್ಲಿ ಪಿಡಿಎಫ್ ಲೈಬ್ರರಿಯ ಹೆಸರೆತ್ತುವ, ಏನೂ ಕೆಲಸ ಮಾಡದ ಒಂದು ಸಾಲು ಬರೆದು, ನಿಜಕ್ಕೂ ಬಳಸುತ್ತಿದ್ದೇವೆ ಎಂದು ಕಂಪೈಲರನ್ನು ನಂಬಿಸುವುದು. ಮೂರರಿಂದಲೂ ಅಂದಿನ ಕೆಲಸ ನಡೆಯುತ್ತದೆ, ಆದರೆ ಮೂರರಲ್ಲೂ ಈ ತಂತ್ರಾಂಶಕ್ಕೆ ಆ ಲೈಬ್ರರಿಯ ಇಂಥ ಆವೃತ್ತಿ ಬೇಕು ಎಂಬ ಸಂಗತಿ ಓದಬಲ್ಲ ಜಾಗದಲ್ಲಿ ದಾಖಲಾಗುವುದಿಲ್ಲ. ಎರಡು ವರ್ಷದ ಮೇಲೆ ಬಂದ ಹೊಸಬರು ಆ ನಿಷ್ಪ್ರಯೋಜಕ ಸಾಲನ್ನು ಕಸವೆಂದು ಗುಡಿಸಿ ಹಾಕಿದರೆ ಗುಮಾಸ್ತರ ಪರದೆಯ ಮೇಲೆ ಮತ್ತೆ ಅದೇ ಸಂದೇಶ. ಓಡಿಸುವ ಪ್ರಾಜೆಕ್ಟಿನ ಪಟ್ಟಿಯಲ್ಲೇ ಆ ಅವಲಂಬನೆಯನ್ನು ಆವೃತ್ತಿಯ ಸಂಖ್ಯೆ ಸಮೇತ ಬರೆಯುವುದು, ಹಿಂದಿನ ಬಿಲ್ಡಿನ ಎಂಜಲು ಇಲ್ಲದ ಖಾಲಿ ಕಂಪ್ಯೂಟರಿನಲ್ಲಿ ಕಟ್ಟಿ ನೋಡುವುದು, ಇವೆರಡೇ ನೇರ ದಾರಿ. ಹಳೆಯ ಕಡತಗಳು ಬಿದ್ದಿರುವ ಫೋಲ್ಡರಿನಲ್ಲಿ ಯಶಸ್ವಿಯಾದ ಬಿಲ್ಡ್ ಯಾವುದಕ್ಕೂ ಸಾಕ್ಷಿಯಲ್ಲ.

ಇದಕ್ಕೊಂದು ತೂಕದ ಆಕ್ಷೇಪವಿದೆ. ನಾನು ವರದಿಯ ಪ್ರಾಜೆಕ್ಟನ್ನು ಕೇಳಿದ್ದೇನೆ, ಅದು ಒಳಗೆ ಯಾರ ಕೈಲಿ ಕೆಲಸ ಮಾಡಿಸುತ್ತದೆ ಎಂಬುದು ನನಗೇಕೆ? ನಾಳೆ ಅದು ಪಿಡಿಎಫ್ ಲೈಬ್ರರಿಯನ್ನೇ ಬದಲಿಸಿದರೆ ನನ್ನ ಪಟ್ಟಿಯನ್ನೂ ತಿದ್ದಬೇಕಲ್ಲ? ಒಳಗುಟ್ಟನ್ನು ಒಳಗೇ ಇಡುವುದು ಒಳ್ಳೆಯ ವಿನ್ಯಾಸದ ಮೊದಲ ಪಾಠವೆಂಬುದು ನಿಜ, ಕೈಯಿಂದಲೇ ಎಲ್ಲವನ್ನೂ ಬರೆಯಿರಿ ಎಂದು ಹಟ ಹಿಡಿದರೆ ಆ ಪಾಠಕ್ಕೆ ಪೆಟ್ಟು ಬೀಳುತ್ತದೆ. ಆದರೆ ಬರೆಯುವುದಕ್ಕೂ ಕೈಯಿಂದ ಬರೆಯುವುದಕ್ಕೂ ವ್ಯತ್ಯಾಸವಿದೆ. ಗೋ ಭಾಷೆ 2021ರ 1.17ನೇ ಆವೃತ್ತಿಯಿಂದ, ಪ್ರಾಜೆಕ್ಟು ಕಟ್ಟಲು ಬೇಕಾದ ಪರೋಕ್ಷ ಅವಲಂಬನೆಗಳನ್ನೂ ಅದರ ಪಟ್ಟಿಯಲ್ಲಿ ತಾನೇ ಬರೆದು, ಪಕ್ಕದಲ್ಲಿ ಇದು ಪರೋಕ್ಷ ಎಂದು ಗುರುತು ಹಾಕುತ್ತದೆ. ಬರೆಯುವ ಶ್ರಮ ಯಂತ್ರದ್ದು, ಓದುವ ಅವಕಾಶ ಮನುಷ್ಯರದ್ದು. ಲಿನಕ್ಸ್ ಲೋಕದಲ್ಲಿ ಫೆಡೋರಾದವರು 2010ರಲ್ಲೇ ಇನ್ನೂ ಕಟುವಾದ ಹೆಜ್ಜೆ ಇಟ್ಟಿದ್ದರು. ಅಲ್ಲಿಯವರೆಗೆ ಒಂದು ಪ್ರೋಗ್ರಾಂ ನೇರವಾಗಿ ಬಳಸುವ ಲೈಬ್ರರಿಯನ್ನು ಹೆಸರಿಸದಿದ್ದರೂ, ಬೇರೊಂದು ಲೈಬ್ರರಿಯ ಬೆನ್ನ ಹಿಂದೆ ಅದು ಬಂದಿದ್ದರೆ, ಇವನ್ನು ಜೋಡಿಸುವ ಲಿಂಕರ್ ಒಪ್ಪಿಕೊಳ್ಳುತ್ತಿತ್ತು. ಫೆಡೋರಾ 13ರಿಂದ ಒಪ್ಪುವುದನ್ನು ಬಿಟ್ಟಿತು. ನೀನು ಬಳಸುತ್ತೀಯಾದರೆ ನೀನೇ ಹೆಸರಿಸು ಎಂಬ ನಿಯಮ ಬಂತು. ಹೆಸರಿಸದಿದ್ದವರ ಬಿಲ್ಡುಗಳು ಮುರಿದವು, ಗೊಣಗಾಟವೂ ಆಯಿತು, ನಿಯಮ ಮಾತ್ರ ಉಳಿಯಿತು.

ಈಗಿನ ಸಾಧನಗಳು ಪರೋಕ್ಷ ಪ್ಯಾಕೇಜುಗಳನ್ನು ತಾವೇ ತರುತ್ತವೆ, ಹಾಗಾಗಿ ಇದೆಲ್ಲ ಹಳೇ ಕಥೆ ಎನ್ನುವವರಿದ್ದಾರೆ. ತರುತ್ತವೆ ನಿಜ, ಆದರೆ ಯಾವ ಆವೃತ್ತಿಯನ್ನು? ಜಾವಾದ ಮಾವೆನ್ ಸಾಧನವನ್ನೇ ನೋಡಿ. ಒಂದೇ ಲೈಬ್ರರಿಯ ಎರಡು ಆವೃತ್ತಿಗಳು ಎರಡು ದಾರಿಯಿಂದ ಬಂದರೆ, ಬೇರಿಗೆ, ಅಂದರೆ ನಾವು ಕಟ್ಟುತ್ತಿರುವ ಪ್ರಾಜೆಕ್ಟಿಗೆ, ಹತ್ತಿರವಿರುವುದು ಗೆಲ್ಲುತ್ತದೆ; ಎರಡೂ ಅಷ್ಟೇ ದೂರದಲ್ಲಿದ್ದರೆ ಯಾರ ಸಾಲು ಕಡತದಲ್ಲಿ ಮೊದಲಿದೆಯೋ ಅವರದು. ಎಂದರೆ ಎರಡು ಸಾಲುಗಳನ್ನು ಹಿಂದುಮುಂದು ಮಾಡಿದ ಮಾತ್ರಕ್ಕೆ, ಕೋಡಿನ ಒಂದಕ್ಷರವೂ ಬದಲಾಗದೆ, ಗಿರಾಕಿಗೆ ತಲುಪುವ ತಂತ್ರಾಂಶ ಬದಲಾಗಬಹುದು. ಇದು ಯಂತ್ರ ನಿಷ್ಠೆಯಿಂದ ಪಾಲಿಸಿದ ನಿಯಮವೇ. ಆದರೆ ಈ ಆವೃತ್ತಿಯೇ ಇರಲಿ ಎಂದು ಮನುಷ್ಯರು ಯಾರೂ ತೀರ್ಮಾನಿಸಿರಲಿಲ್ಲ. ಮೂರನೆಯದು ಬಾರದಿದ್ದಾಗ ಕನಿಷ್ಠ ಗುಟ್ಟು ರಟ್ಟಾಗುತ್ತದೆ. ಸದ್ದಿಲ್ಲದೆ ಬಂದು ಕೂತಾಗ ಅದೂ ಇಲ್ಲ. ಬಿಲ್ಡ್ ಮುರಿಯುವುದನ್ನು ನಾನು ಉಪಕಾರವೆಂದೇ ಎಣಿಸುತ್ತೇನೆ.

ಸದ್ದಿಲ್ಲದೆ ಬಂದವರು ಮಾಡಿದ ಅವಾಂತರಗಳಿಗೆ ಬರವಿಲ್ಲ. 2016ರ ಮಾರ್ಚಿನಲ್ಲಿ ಜಾವಾಸ್ಕ್ರಿಪ್ಟಿನ ಎನ್‌ಪಿಎಂ ಭಂಡಾರದಿಂದ ಲೆಫ್ಟ್‌ಪ್ಯಾಡ್ ಎಂಬ ಪ್ಯಾಕೇಜನ್ನು ಅದರ ಕರ್ತೃ ಹಿಂತೆಗೆದುಕೊಂಡರು. ಪದದ ಎಡಕ್ಕೆ ಖಾಲಿ ಜಾಗ ತುಂಬುವುದಷ್ಟೇ ಅದರ ಕೆಲಸ, ಗಾತ್ರ 11 ಸಾಲು. ಅದು ಹೋದದ್ದೇ ತಡ, ಬೇಬೆಲ್‌ನಂಥ ದೊಡ್ಡ ಸಾಧನಗಳನ್ನು ನೆಚ್ಚಿದ್ದ ಅಸಂಖ್ಯ ಬಿಲ್ಡುಗಳು ಜಗತ್ತಿನೆಲ್ಲೆಡೆ ಬಿದ್ದವು. ಬಿದ್ದವರಲ್ಲಿ ಬಹಳಷ್ಟು ಜನ ಆ ಹೆಸರನ್ನು ಅಂದೇ ಮೊದಲು ಕೇಳಿದ್ದು. 2021ರ ಡಿಸೆಂಬರಿನಲ್ಲಿ ಜಾವಾದ ಲಾಗ್4ಜೆ ಲೈಬ್ರರಿಯ ಭದ್ರತಾ ದೋಷ ಬಯಲಾದಾಗ ಕತೆ ಇನ್ನೂ ಗಂಭೀರವಾಯಿತು. ಮಾವೆನ್ ಭಂಡಾರವನ್ನು ಜಾಲಾಡಿದ ಗೂಗಲ್ ತಂಡಕ್ಕೆ ಕಂಡದ್ದೇನೆಂದರೆ, ದೋಷ ತಟ್ಟಿದ ಪ್ಯಾಕೇಜುಗಳಲ್ಲಿ ಹೆಚ್ಚಿನವು ಲಾಗ್4ಜೆಯನ್ನು ನೇರವಾಗಿ ಕರೆದೇ ಇರಲಿಲ್ಲ, ಅದು ಹಲವು ಮೆಟ್ಟಿಲು ಕೆಳಗೆ ಅಡಗಿತ್ತು. ಹೊಸ ಆವೃತ್ತಿ ಬೇಗನೆ ಸಿಕ್ಕಿತು. ನಮ್ಮಲ್ಲಿ ಅದು ಇದೆಯೇ, ಎಲ್ಲೆಲ್ಲಿದೆ ಎಂದು ಹುಡುಕುವುದರಲ್ಲೇ ಸಂಸ್ಥೆಗಳು ಹೈರಾಣಾದವು. ಬರೆದ ಪಟ್ಟಿ ಇದ್ದವರಿಗೆ ಅದು ಒಂದು ಹುಡುಕಾಟದ ಮಾತು, ಇಲ್ಲದವರಿಗೆ ಒಂದೊಂದು ಸರ್ವರನ್ನೂ ತಡಕುವ ಕೆಲಸ.

ಪಟ್ಟಿಯಿಂದ ದಾಳಿ ನಿಲ್ಲುತ್ತದೆಯೇ ಎಂದು ಕೇಳುವವರು ಎಕ್ಸ್‌ಝಡ್ ಪ್ರಕರಣವನ್ನು ಮುಂದಿಡುತ್ತಾರೆ, ಇಡಲೇಬೇಕು. ಕಡತ ಕುಗ್ಗಿಸುವ ಆ ಲೈಬ್ರರಿಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲೊಂದನ್ನು ಹುದುಗಿಸಿದ್ದರು. ದೂರದ ಕಂಪ್ಯೂಟರಿಗೆ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಬೆನ್ನುಹತ್ತಿದ ಆಂದ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ 2024ರ ಮಾರ್ಚ್ 29ರಂದು ಅದನ್ನು ಬಯಲಿಗೆಳೆದರು. ಇಲ್ಲಿನ ಸ್ವಾರಸ್ಯವೆಂದರೆ, ಲಾಗಿನ್ ನೋಡಿಕೊಳ್ಳುವ ಓಪನ್‌ಎಸ್‌ಎಸ್‌ಎಚ್‌ಗೆ ಈ ಲೈಬ್ರರಿ ಬೇಕಾಗಿಯೇ ಇರಲಿಲ್ಲ. ಕೆಲವು ಲಿನಕ್ಸ್ ವಿತರಣೆಗಳು ಅದಕ್ಕೆ, ಹಿನ್ನೆಲೆಯ ಸೇವೆಗಳನ್ನು ನಡೆಸುವ ಸಿಸ್ಟಂಡಿಯ ಲೈಬ್ರರಿಯನ್ನು ಜೋಡಿಸಿದ್ದವು, ಸಿಸ್ಟಂಡಿಯ ಹೆಗಲೇರಿ ಇದು ಒಳಗೆ ಬಂದಿತ್ತು. ಪಟ್ಟಿ ಇದ್ದಿದ್ದರೂ ಹಿಂಬಾಗಿಲು ಅದರಲ್ಲಿ ಕಾಣುತ್ತಿರಲಿಲ್ಲ, ಒಪ್ಪಿದೆ. ಆದರೆ ಲಾಗಿನ್ ಕಾಯುವವನ ಮನೆಯಲ್ಲಿ ಕಡತ ಕುಗ್ಗಿಸುವವನಿಗೇನು ಕೆಲಸ ಎಂಬ ಪ್ರಶ್ನೆ ಏಳುವುದು ಅವನ ಹೆಸರು ಕಣ್ಣಿಗೆ ಬಿದ್ದಾಗ ಮಾತ್ರ. ಸಿಸ್ಟಂಡಿಯವರು ಅದೇ ವರ್ಷದ 256ನೇ ಆವೃತ್ತಿಯಲ್ಲಿ, ಬೇಕಾದಾಗಷ್ಟೇ ತರಿಸುವ ಲೈಬ್ರರಿಗಳ ಹೆಸರನ್ನೂ ಕಡತದೊಳಗೆ ಟಿಪ್ಪಣಿಯಾಗಿ ಬರೆದಿಡಲು ತೊಡಗಿದರು. ನಮ್ಮ ಪಿಡಿಎಫ್ ಲೈಬ್ರರಿಯಂತೆ ಕಂಪೈಲರಿನ ಕಣ್ಣಿಗೆ ಬೀಳದವರನ್ನೂ ಬರೆದಿಡಬಹುದು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಸರ್ಕಾರಗಳು ಎಚ್ಚೆತ್ತಿವೆ, ಅರೆಬರೆಯಾಗಿ. 2024ರ ಡಿಸೆಂಬರ್ 10ರಂದು ಜಾರಿಗೆ ಬಂದ ಯುರೋಪ್ ಒಕ್ಕೂಟದ ಸೈಬರ್ ರೆಸಿಲಿಯನ್ಸ್ ಆಕ್ಟ್ ತಂತ್ರಾಂಶದ ಘಟಕಗಳ ಪಟ್ಟಿಯನ್ನು ಕಡ್ಡಾಯ ಮಾಡುತ್ತದೆ. ಅದರ ಮುಖ್ಯ ಹೊಣೆಗಾರಿಕೆಗಳು ಅನ್ವಯವಾಗುವುದು 2027ರ ಡಿಸೆಂಬರಿನಿಂದ. ಆದರೆ ಕಾನೂನು ಕೇಳುವ ಕನಿಷ್ಠ ಪಟ್ಟಿ ಮೊದಲ ಮೆಟ್ಟಿಲಿನ ಅವಲಂಬನೆಗಳದ್ದು ಮಾತ್ರ. ಲಾಗ್4ಜೆ ಅಡಗಿದ್ದದ್ದು ಅದಕ್ಕೂ ಕೆಳಗೆ. ನಮ್ಮ ದೇಶದ ಸೈಬರ್ ಭದ್ರತೆ ನೋಡಿಕೊಳ್ಳುವ ಸರ್ಟ್‌ಇನ್ ಸಂಸ್ಥೆ 2024ರ ಅಕ್ಟೋಬರಿನಲ್ಲಿ ಇಂಥ ಪಟ್ಟಿಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿ, ಸರ್ಕಾರಿ ಇಲಾಖೆಗಳ ಜೊತೆಗೆ ತಂತ್ರಾಂಶ ರಫ್ತು ಮಾಡುವವರನ್ನೂ ಉದ್ದೇಶಿಸಿ ಮಾತಾಡಿದೆ. ಯುರೋಪಿಗೆ ತಂತ್ರಾಂಶ ಬರೆದುಕೊಡುವ ಬೆಂಗಳೂರಿಗೆ ಎರಡೂ ಸಂಬಂಧಪಟ್ಟವೇ. ಇದು ಸಣ್ಣ ಕಂಪನಿಗಳಿಗೆ ಹೊರೆ ಎಂಬ ದೂರು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಮಾವೆನ್ ಆಗಲಿ, ಎನ್‌ಪಿಎಂ ಆಗಲಿ, ಡಾಟ್‌ನೆಟ್ ಆಗಲಿ, ಪ್ಯಾಕೇಜುಗಳ ಪೂರ್ತಿ ಸರಪಳಿಯನ್ನು ಒಂದೇ ಆಜ್ಞೆಗೆ ಮುಂದಿಡುತ್ತವೆ. ಯಂತ್ರಕ್ಕೆ ಕಾಣದ ನಾಲ್ಕಾರು ಹೆಸರುಗಳನ್ನು ಕೈಯಿಂದ ಸೇರಿಸಿದರೆ ಆಯಿತು. ನಮ್ಮ ರಾಜ್ಯದ ಇಲಾಖೆಗಳಲ್ಲಿ, ನಿಗಮಗಳಲ್ಲಿ, ಸಹಕಾರ ಸಂಘಗಳಲ್ಲಿ ತಂತ್ರಾಂಶದ ಟೆಂಡರ್ ಬರೆಯುವವರು ಮುಂದಿನ ಕರಡಿಗೆ ಎರಡು ಷರತ್ತು ಸೇರಿಸಲಿ: ಕಟ್ಟಕಡೆಯ ಮೆಟ್ಟಿಲಿನವರೆಗಿನ ಪಟ್ಟಿ ಕೊಡಬೇಕು, ಹಣ ಪಾವತಿಗೆ ಮುನ್ನ ಆ ಪಟ್ಟಿಯೊಂದನ್ನೇ ಹಿಡಿದು ಇಲಾಖೆಯ ಖಾಲಿ ಕಂಪ್ಯೂಟರಿನಲ್ಲಿ ತಂತ್ರಾಂಶವನ್ನು ಕಟ್ಟಿ, ಓಡಿಸಿ ತೋರಿಸಬೇಕು.